ಬಕೆಟ್ಟಿನಲ್ಲಿ ಉಳಿಯಬೇಕು, ಕೆರೆಯಲ್ಲಿ ಕೊಳೆಯಬೇಕು: ವಾಷಿಂಗ್ ಪೌಡರ್ ಪಾಲಿಮರ್ ಪ್ರಯೋಗ

ವಾಷಿಂಗ್ ಪೌಡರ್‌ಗೆ ಹಾಕಲು ನಾನೇ ಮಾಡುತ್ತಿದ್ದ, ಕೊಳೆಯಬಲ್ಲ ಪಾಲಿಮರ್ ಪಾಲಿಆಸ್ಪಾರ್ಟೇಟ್ ಕೊನೆಗೂ ಕೈಗೆ ಬಂದಿದೆ. ಬಣ್ಣ ಮಾತ್ರ ತೆಳು ಡಿಕಾಕ್ಷನ್ ಥರ.

ಹೊಸದಾಗಿ ಓದುವವರಿಗೆ ಎರಡು ಮಾತು. ವಾಷಿಂಗ್ ಪೌಡರ್ ಅಂದರೆ ಬರೀ ನೊರೆಯಲ್ಲ. ಸೋಡಾ, ಎನ್‌ಜೈಮ್ ಜೊತೆಗೆ ಸ್ವಲ್ಪ ಪಾಲಿಮರ್ (ಸರಪಳಿಯಂಥ ಉದ್ದದ ಅಣು) ಕೂಡ ಇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸುಣ್ಣವಾಗಿ ಬಟ್ಟೆ ಮೇಲೆ ಕೂರದಂತೆ ತಡೆಯುವುದು, ಬಿಟ್ಟ ಕೊಳೆ ಮತ್ತೆ ಅಂಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಹೆಚ್ಚಾಗಿ ಬಳಸುವುದು ಪಾಲಿಅಕ್ರಿಲೇಟ್. ಕೆಲಸದಲ್ಲಿ ಅದು ಚೆನ್ನಾಗಿದೆ. ಆದರೆ ಅದರ ಉದ್ದಕ್ಕೂ ಇರುವುದು ಕಾರ್ಬನ್-ಕಾರ್ಬನ್ ಕೊಂಡಿ. ಬ್ಯಾಕ್ಟೀರಿಯಾಗೆ ಹಲ್ಲು ಊರಲು ಜಾಗವೇ ಇಲ್ಲ. ನೀರಲ್ಲಿ ಕರಗುತ್ತದೆ, ಆದರೆ ಕೊಳೆಯುವುದಿಲ್ಲ.

1960ರ ದಶಕದಲ್ಲಿ ಜರ್ಮನಿ, ಅಮೆರಿಕದ ನದಿಗಳಲ್ಲಿ ನೊರೆ ತುಂಬಿದಾಗ ಕವಲೊಡೆದ ಸರ್ಫ್ಯಾಕ್ಟಂಟ್ (ಕೊಳೆ ಬಿಡಿಸುವ, ನೊರೆ ಬರಿಸುವ ಪದಾರ್ಥ) ಬಿಟ್ಟು ನೇರ ಸರಪಳಿಯದಕ್ಕೆ ಬಂದರು. ನೊರೆ ಕಣ್ಣಿಗೆ ಕಂಡಿತು, ಗಲಾಟೆಯಾಯಿತು. ಪಾಲಿಮರ್ ಕಾಣಿಸುವುದೇ ಇಲ್ಲವಲ್ಲ! ಸಂಸ್ಕರಣ ಘಟಕದಲ್ಲಿ ಒಂದಷ್ಟು ಕೆಸರಿಗೆ ಅಂಟಿಕೊಳ್ಳುತ್ತದೆ, ಉಳಿದದ್ದು ನೀರಿನ ಜೊತೆ ಹೋಗುತ್ತದೆ. ನಾನಿರುವುದು ಕೋಲಾರದಲ್ಲಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅಲ್ಲಿ ಒಗೆದದ್ದು ಇಲ್ಲಿ ಇಂಗುತ್ತದೆ. ಈ ಹವ್ಯಾಸಕ್ಕೆ ಅದೇ ಕಾರಣ.

ಮೊದಲು ಗಂಜಿಯನ್ನು ನೋಡಿದೆ. ಗಂಜಿ ಕೊಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅನ್ನದ ಕಲೆ ತೆಗೆಯಲೆಂದು ಪೌಡರ್‌ನಲ್ಲಿ ಗಂಜಿಯನ್ನು ಒಡೆಯುವ ಅಮೈಲೇಸ್ ಎನ್‌ಜೈಮ್ ಇರುತ್ತದೆ. ತೆಳು ಗಂಜಿಗೆ ಎನ್‌ಜೈಮ್ ಇರುವ ಪೌಡರ್ ಕಲಸಿ, ಆಗಾಗ ಸ್ವಲ್ಪ ತೆಗೆದು, ಕ್ಷಾರ ಕಳೆಯಲು ನಿಂಬೆಹುಳಿ ಹಾಕಿ, ಗಂಜಿ ಇದ್ದರೆ ನೀಲಿಯಾಗುವ ಅಯೋಡಿನ್ ಬಿಟ್ಟೆ. ನೀಲಿ ಬಣ್ಣ ಸಲ ಸಲಕ್ಕೂ ಮಾಸುತ್ತಾ ಬಂತು. ಅಂದರೆ ಕೆರೆಯಲ್ಲಿ ಆಗಬೇಕಾದ ಕೆಲಸ ಬಕೆಟ್ಟಿನಲ್ಲೇ ಆಗಿಹೋಯಿತು. ಪಾಲಿಯೆಸ್ಟರ್ ಜಾತಿಯ ಪಾಲಿಮರ್‌ಗೆ ಇನ್ನೊಂದು ತೊಂದರೆ. ಪೌಡರ್ ಕರಗಿಸಿದ ನೀರಿನ ಪಿಎಚ್ ಹತ್ತರ ಆಸುಪಾಸು. ಆ ಕ್ಷಾರದಲ್ಲಿ ಎಸ್ಟರ್ ಕೊಂಡಿ ತಡೆಯುವುದು ಕಷ್ಟ. ಕೊಳೆಯುವ ಪಾಲಿಮರ್ ಹುಡುಕುವುದು ಸುಲಭ. ತಡವಾಗಿ ಕೊಳೆಯುವುದನ್ನು ಹುಡುಕುವುದೇ ತಲೆನೋವು.

ಹಾಗಾಗಿ, ಕ್ಷಾರವನ್ನು ಎಸ್ಟರ್‌ಗಿಂತ ಚೆನ್ನಾಗಿ ತಡೆಯುವ ಅಮೈಡ್ ಕೊಂಡಿಯ ಪಾಲಿಆಸ್ಪಾರ್ಟೇಟ್. ಇದೇನು ಹೊಸದಲ್ಲ. ಅಮೆರಿಕದ ಡೋನ್ಲಾರ್ ಕಂಪನಿಗೆ 1996ರಲ್ಲೇ ಇದಕ್ಕಾಗಿ ಅಧ್ಯಕ್ಷರ ಹಸಿರು ರಸಾಯನ ಪ್ರಶಸ್ತಿ ಸಿಕ್ಕಿತ್ತು. ಆಸ್ಪಾರ್ಟಿಕ್ ಆಮ್ಲದ ಪುಡಿಯನ್ನು 220 ಡಿಗ್ರಿ ಸುಮಾರಿಗೆ ಕಾಯಿಸಿದರೆ ನೀರು ಹಾರಿ ಪಾಲಿಸಕ್ಸಿನಿಮೈಡ್ ಆಗುತ್ತದೆ. ಹಳೆಯ ಓಟಿಜಿ ಒವನ್ ಸಾಕು. ಅದರಲ್ಲಿ ಮತ್ತೆ ಅಡುಗೆ ಮಾಡುವ ಹಾಗಿಲ್ಲ, ಅಷ್ಟೇ. ಕೆಲಸ ಮುಗಿಯಿತಾ ಅಂತ ತಕ್ಕಡಿಯೇ ಹೇಳುತ್ತದೆ: ಒಂದೊಂದು ಅಣುವಿನಿಂದ ಎರಡೆರಡು ನೀರು ಹೋಗಬೇಕು, 133 ಗ್ರಾಂ ಇದ್ದದ್ದು 97ಕ್ಕೆ ಇಳಿಯಬೇಕು. ಆಮೇಲೆ ತೆಳು ಕಾಸ್ಟಿಕ್ ಸೋಡಾದಲ್ಲಿ, ತಣ್ಣಗಿಟ್ಟುಕೊಂಡು, ನಿಧಾನವಾಗಿ ಕರಗಿಸಿದರೆ ಅದು ಪಾಲಿಆಸ್ಪಾರ್ಟೇಟ್ ಆಗುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ನಮ್ಮ ಬೋರ್‌ವೆಲ್ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಒಪ್ಪುವುದು 200, ಬೇರೆ ಮೂಲ ಇಲ್ಲದಿದ್ದರೆ 600. ಆ ನೀರಿಗೆ ವಾಷಿಂಗ್ ಸೋಡಾ ಹಾಕಿದ ಕೂಡಲೇ ಬೆಳ್ಳಗಾಗುತ್ತದೆ. ಪಾಲಿಮರ್ ಹಾಕಿದ ಲೋಟ ಮಾತ್ರ ಬಟ್ಟೆ ಒಗೆದು ಮುಗಿಸುವಷ್ಟು ಹೊತ್ತು ತಿಳಿಯಾಗಿತ್ತು. ಬೆಳಗಾಗುವಷ್ಟರಲ್ಲಿ ಅದೂ ಮಬ್ಬಾಯಿತು, ಪರವಾಗಿಲ್ಲ. ಹರಳು ಬೆಳೆಯುವುದನ್ನು ತಡಮಾಡಿದರೆ ಸಾಕು. ಕೆಮ್ಮಣ್ಣು ಹಚ್ಚಿ ಒಗೆದ ಬಿಳಿ ಬಟ್ಟೆಯ ಫಲಿತಾಂಶ ಅಷ್ಟು ಖುಷಿ ಕೊಡಲಿಲ್ಲ. ಪಾಲಿಅಕ್ರಿಲೇಟ್ ಇನ್ನೂ ಒಂದು ಹೆಜ್ಜೆ ಮುಂದೆ.

ಈಗ ಕೊಳೆಯುವ ಪರೀಕ್ಷೆ. ಪದಾರ್ಥ ಎಷ್ಟು ಸುಲಭವಾಗಿ ಕೊಳೆಯುತ್ತದೆ ಎಂದು ಅಳೆಯುವ ಒಇಸಿಡಿ 301ಬಿ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯ ಬಡವರ ಆವೃತ್ತಿ ಅನ್ನಿ. ಬಾಟಲಿಯಲ್ಲಿ ಕೆರೆ ನೀರು, ಪಾಲಿಮರ್. ಅಕ್ವೇರಿಯಂ ಪಂಪಿನಿಂದ ಕಾರ್ಬನ್ ಡೈಆಕ್ಸೈಡ್ ತೆಗೆದ ಗಾಳಿ. ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಕ್ಷಾರದಲ್ಲಿ ಹಿಡಿದು, ಎಷ್ಟಿದೆ ಎಂದು ಟೈಟ್ರೇಷನ್‌ನಿಂದ (ಆಮ್ಲ ಹನಿಸಿ) ಅಳೆಯುವುದು. ನಿಜವಾದ ಪರೀಕ್ಷೆಯಲ್ಲಿ ಪೂರ್ತಿ ಕೊಳೆತರೆ ಬರಬೇಕಾದ ಕಾರ್ಬನ್ ಡೈಆಕ್ಸೈಡ್‌ನಲ್ಲಿ 28 ದಿನದೊಳಗೆ 60% ದಾಟಬೇಕು. ಹೋಲಿಕೆಗೆ ಸುಲಭವಾಗಿ ಕೊಳೆಯುವ ಸೋಡಿಯಂ ಅಸಿಟೇಟ್, ಪಾಲಿಅಕ್ರಿಲೇಟ್, ಬರೀ ಕೆರೆ ನೀರು. ಅಸಿಟೇಟ್ ಬೇಗ ಮೇಲೆದ್ದಿತು. ಪಾಲಿಅಕ್ರಿಲೇಟ್‌ಗೂ ಬರೀ ನೀರಿಗೂ ವ್ಯತ್ಯಾಸವೇ ಕಾಣುತ್ತಿಲ್ಲ. ನಮ್ಮದು ನಡುವೆ ಇದೆ, ಚೆನ್ನಾಗಿ ಶುರುವಾಗಿ ಈಗ ಮಂದವಾಗಿದೆ.

ಕಾರಣ ಊಹಿಸಬಹುದು. ಸುಮ್ನೆ ಕಾಯಿಸಿ ಮಾಡಿದ ಪಾಲಿಮರ್‌ನಲ್ಲಿ ಕವಲು, ಅಡ್ಡಾದಿಡ್ಡಿ ತುದಿಗಳು ಜಾಸ್ತಿ. ಆಸ್ಪಾರ್ಟಿಕ್ ಆಮ್ಲದ ಅಣುಗಳು ಎರಡು ಬಗೆಯಲ್ಲಿ ಕೂಡುತ್ತವೆ: ಸುಮಾರು 70% ಬೀಟಾ ಕೊಂಡಿ, 30% ಆಲ್ಫಾ. ಮಾಮೂಲಿ ಪ್ರೋಟೀನ್‌ನಲ್ಲಿ ಇರುವುದು ಆಲ್ಫಾ. ಪೌಡರ್‌ನಲ್ಲಿರುವ, ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಎನ್‌ಜೈಮ್‌ಗೆ ಇದು ಸುಲಭದ ತುತ್ತಲ್ಲ, ಅದು ನನಗೆ ಬೇಕಾದದ್ದೇ. ಆದರೆ ಕೆರೆಯ ಬ್ಯಾಕ್ಟೀರಿಯಾಗೂ ಅಷ್ಟೇ ಕಷ್ಟ, ಅಲ್ವಾ? ಬೀಟಾ ಕೊಂಡಿ ಇರಲಿ, ಕವಲು ಹೋಗಲಿ ಅನ್ನುವುದು ಈಗಿನ ಲೆಕ್ಕ. ಫಾಸ್ಫಾರಿಕ್ ಆಮ್ಲ ಸೇರಿಸಿ ಕಾಯಿಸಿದರೆ ಸರಪಳಿ ಹೆಚ್ಚು ನೇರವಾಗುತ್ತದೆ, ಕೊಳೆಯುವುದೂ ಸುಧಾರಿಸುತ್ತದೆ. ಬಣ್ಣವೂ ಸ್ವಲ್ಪ ತಿಳಿಯಾದರೆ ಲಾಭ.

ಮುಂದಿನ ಬ್ಯಾಚ್ ಹಾಗೇ ಮಾಡುತ್ತೇನೆ. ಹಳೆಯದನ್ನೂ ಅದೇ ಕೆರೆ ನೀರಿನಲ್ಲಿ ಪಕ್ಕದಲ್ಲೇ ಇಡಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಅದಕ್ಕೆ ಇನ್ನಷ್ಟು ಬಾಟಲಿ, ಇನ್ನೊಂದು ಪಂಪ್ ತರಬೇಕು.