ಕೋಳಿಮರಿಗೆ 21 ದಿನ, ಬಾತುಮರಿಗೆ 28

ಕೋಳಿಮೊಟ್ಟೆ ಕಾವಿಗಿಟ್ಟ 21ನೆಯ ದಿನಕ್ಕೆ ಮರಿಯಾಗುತ್ತದೆ; ಬಾತುಕೋಳಿಯ ಮೊಟ್ಟೆಗೆ 28 ದಿನ ಬೇಕು. (ಮಸ್ಕೋವಿ ಬಾತಿಗೆ 35 ದಿನ, ನಾನು ಸಾಕಿರುವುದು ಆ ಜಾತಿಯಲ್ಲ.) ಎರಡೂ ಬಗೆಯ ಮರಿಗಳು ಒಟ್ಟಿಗೆ ಬರಬೇಕೆಂದರೆ ಬಾತುಮೊಟ್ಟೆಗಳನ್ನು ಒಂದು ವಾರ ಮೊದಲೇ ಪೆಟ್ಟಿಗೆಯೊಳಗೆ ಇಟ್ಟು, ಅನಂತರ ಅವುಗಳ ಪಕ್ಕದಲ್ಲಿ ಕೋಳಿಮೊಟ್ಟೆಗಳನ್ನು ಜೋಡಿಸಬೇಕಾಗುತ್ತದೆ. ಹಾಗೆ ಲೆಕ್ಕ ಹಾಕಿ ಇಟ್ಟ ಮೊಟ್ಟೆಗಳು, ನಾನೇ ಕೂಡಿಸಿ ಮಾಡಿದ ಕಾವಿನ ಪೆಟ್ಟಿಗೆಯಲ್ಲಿ ಒಡೆದ ದಿನದ ಅನುಭವ ಇದು.

ಪೆಟ್ಟಿಗೆ ದಪ್ಪ ಥರ್ಮೋಕೋಲಿನದು. ಒಳಗೆ ಎರಡು ಚಿಕ್ಕ ಬಲ್ಬುಗಳಿವೆ. ಒಂದು ಸುಟ್ಟುಹೋದರೂ ಇನ್ನೊಂದು ಉರಿಯುತ್ತಿರಲೆಂದು ಅವಕ್ಕೆ ಬೇರೆ ಬೇರೆಯಾಗಿ ತಂತಿ ಎಳೆದಿದ್ದೇನೆ. ಹಳೆಯ ಕಂಪ್ಯೂಟರಿನಿಂದ ತೆಗೆದ ಫ್ಯಾನು ಗಾಳಿಯನ್ನು ಎಲ್ಲ ಮೂಲೆಗಳಿಗೂ ತಿರುಗಿಸುತ್ತದೆ, ಥರ್ಮೋಸ್ಟಾಟ್ ಒಳಗಿನ ಬಿಸಿಯನ್ನು 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಮೊಟ್ಟೆಗಳಿರುವ ಜಾಲರಿಯ ಕೆಳಗೆ ನೀರಿನ ತಟ್ಟೆಗಳಿವೆ. ತೇವಾಂಶ ಹೆಚ್ಚಬೇಕಾದರೆ ತಟ್ಟೆಯಲ್ಲಿ ನೀರಿನ ಆಳವನ್ನು ಹೆಚ್ಚಿಸಿ ಪ್ರಯೋಜನವಿಲ್ಲ, ನೀರಿನ ಮೇಲ್ಮೈ ಅಗಲವಾಗಬೇಕು. ಅದಕ್ಕಾಗಿಯೇ ಆಳವಿಲ್ಲದ ಅಗಲ ತಟ್ಟೆಗಳನ್ನು ಆರಿಸಿಕೊಂಡೆ. ಇಷ್ಟೆಲ್ಲ ಅಂಗಡಿಯ ಯಂತ್ರದಲ್ಲಿಯೂ ಇರುತ್ತದೆ. ಆದರೆ ಎರಡು ಜಾತಿಯ ಹಕ್ಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಸೇರಿಸಿದ್ದು ಎರಡು: ಪೆಟ್ಟಿಗೆಯ ನಡುವೆ ಜಾಲರಿಯದೊಂದು ಅಡ್ಡಗೋಡೆ, ಪಕ್ಕದಲ್ಲಿ ಕೈ ತೂರುವಷ್ಟೇ ಅಗಲದ ಒಂದು ಕಿಂಡಿ. ಕತ್ತರಿಸಿ ತೆಗೆದ ಥರ್ಮೋಕೋಲ್ ತುಂಡೇ ಆ ಕಿಂಡಿಗೆ ಬಿರಡೆ.

ಮೊಟ್ಟೆಗಳನ್ನು ದಿನವೂ ಹಲವು ಸಲ ಹೊರಳಿಸುವ ಕೆಲಸ ಮರಿಯಾಗಲು ಮೂರು ದಿನಗಳಿರುವಾಗ ನಿಲ್ಲಬೇಕು. ಕೋಳಿಮೊಟ್ಟೆಗೆ ಅದು 18ನೆಯ ದಿನ, ಬಾತುಮೊಟ್ಟೆಗೆ 25ನೆಯ ದಿನ. ವಾರದ ಅಂತರ ಇಟ್ಟುಕೊಂಡಿದ್ದರಿಂದ ಈ ಎರಡೂ ಒಂದೇ ದಿನಕ್ಕೆ ಬಂದವು, ಒಂದೇ ಸಲಕ್ಕೆ ತೇವಾಂಶವನ್ನು ಶೇಕಡಾ 50ರಿಂದ 70ರ ಹತ್ತಿರಕ್ಕೆ ಏರಿಸಿ ಮುಚ್ಚಳ ಹಾಕಿಬಿಡಲು ಸಾಧ್ಯವಾಯಿತು. ಮುಚ್ಚಳದ ಗಾಳಿತೂತುಗಳನ್ನು ಮಾತ್ರ ಪೂರ್ತಿ ತೆರೆದೇ ಇಟ್ಟಿದ್ದೆ, ಏಕೆಂದರೆ ಕೊನೆಯ ದಿನಗಳಲ್ಲಿ ಮರಿಗಳಿಗೆ ಗಾಳಿ ಹೆಚ್ಚು ಬೇಕು.

ಆ ದಿನ ಬೆಳಗಿನ ಹೊತ್ತಿಗೆ ಕೋಳಿಮೊಟ್ಟೆಯೊಂದರ ಅಗಲವಾದ ತುದಿಯಲ್ಲಿ ಸಾಸಿವೆಯಷ್ಟು ಜಾಗ ಉಬ್ಬಿ, ಸುತ್ತ ಸಣ್ಣ ಬಿರುಕುಗಳು ಮೂಡಿದ್ದವು. ಗಾಜಿನ ಕಿಟಕಿಗೆ ಮುಖವಿಟ್ಟು ನೋಡಿದಾಗ ಬಿರುಕಿನೊಳಗಿಂದ ಕೊಕ್ಕಿನ ತುದಿಯ ಬಿಳಿ ಮೊನೆ ಒಮ್ಮೆ ಕಾಣಿಸಿ ಮರೆಯಾಯಿತು. ಓಡು ಒಡೆಯುವುದಕ್ಕೆಂದೇ ಹುಟ್ಟುವ ಆ ಗಟ್ಟಿ ಮೊನೆ ಮರಿ ಹೊರಬಂದ ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಮೊದಲ ತೂತು ಬಿದ್ದ ಮೇಲೆ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ನೋಡುವವರಿಗೆ ಅದು ಸೋತಂತೆ ತೋರಿದರೂ ಒಳಗೆ ಮುಖ್ಯವಾದ ಕೆಲಸ ನಡೆಯುತ್ತಿರುತ್ತದೆ: ಶ್ವಾಸಕೋಶ ಗಾಳಿಗೆ ಒಗ್ಗುತ್ತದೆ, ಪೊರೆಯ ನರಗಳಲ್ಲಿದ್ದ ರಕ್ತವೂ ಉಳಿದ ಹಳದಿ ಭಾಗವೂ ದೇಹದೊಳಕ್ಕೆ ಹೋಗುತ್ತವೆ. ಅದು ಮುಗಿದ ಬಳಿಕವೇ ಮರಿ ನಿಧಾನವಾಗಿ ಸುತ್ತ ತಿರುಗುತ್ತ, ಓಡನ್ನು ಟೊಪ್ಪಿಗೆಯಂತೆ ಕತ್ತರಿಸಿ ಕಾಲಿನಿಂದ ಒದ್ದು ಹೊರಬೀಳುತ್ತದೆ.

ಮಧ್ಯಾಹ್ನದ ವೇಳೆಗೆ ಕೋಳಿಯ ಕಡೆ ಮರಿಗಳು ಒಂದರ ಹಿಂದೊಂದು ಹೊರಬಂದು, ಪುಕ್ಕ ಒಣಗಿಸಿಕೊಂಡು, ಎಡವುತ್ತ ಓಡಾಡತೊಡಗಿದವು. ಬಾತುಮೊಟ್ಟೆಗಳಲ್ಲಿ ಬಿರುಕು ಬಿಟ್ಟಿದ್ದವಷ್ಟೇ, ಒಂದೂ ತೆರೆದಿರಲಿಲ್ಲ. ಬಾತುಮರಿ ಮೊದಲ ತೂತಿನಿಂದ ಹೊರಬರುವವರೆಗೆ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಅಡ್ಡಗೋಡೆ ಇಲ್ಲದಿದ್ದರೆ ಚಟುವಟಿಕೆಯ ಕೋಳಿಮರಿಗಳು ಆ ಮೊಟ್ಟೆಗಳನ್ನು ತಳ್ಳಿ ಹೊರಳಿಸಿ, ತೂತುಗಳನ್ನು ಕೆಳಮುಖ ಮಾಡಿಬಿಡುತ್ತಿದ್ದವು. ಮರಿಗಳ ಕೂಗು ಕೇಳಲಾರದೆ ಅಮ್ಮ, “ಹಸಿದಿರಬೇಕು ಕಣೋ, ತೆಗೆದು ಒಂದಿಷ್ಟು ನುಚ್ಚಾದರೂ ಹಾಕು” ಎಂದು ಮತ್ತೆ ಮತ್ತೆ ಹೇಳಿದರು. ಆದರೆ ಹೊಟ್ಟೆಯೊಳಗೆ ಸೇರಿಕೊಂಡ ಹಳದಿ ಭಾಗ ಮರಿಗೆ ಎರಡು ದಿನಗಳವರೆಗೂ ಆಹಾರವಾಗುತ್ತದೆ. ಮುಚ್ಚಳ ತೆರೆದರೆ ತೇವವೆಲ್ಲ ಒಂದೇ ಸಲಕ್ಕೆ ಹೊರಟುಹೋಗಿ, ಬಾತುಮೊಟ್ಟೆಯ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಂಡು, ಅದು ತಿರುಗಲಾರದೆ ಅಲ್ಲೇ ಸಾಯಬಹುದು. ಕೂಗುವ ಮರಿಗಿಂತ ಓಡಿನೊಳಗೆ ಮೌನವಾಗಿರುವ ಮರಿಗೇ ಆಗ ಹೆಚ್ಚು ಅಪಾಯವಿತ್ತು, ಆದ್ದರಿಂದ ಮುಚ್ಚಳವನ್ನು ಮುಟ್ಟಲಿಲ್ಲ.

ಸಂಜೆ ಕರೆಂಟು ಹೋಯಿತು. ಕಿಂಡಿ ಮಾಡಿದ್ದರ ಉಪಯೋಗ ನನಗೆ ಪೂರ್ತಿಯಾಗಿ ತಿಳಿದದ್ದು ಆಗಲೇ. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ, ಬಿರಡೆ ತೆಗೆದು ಒಂದೊಂದನ್ನೂ ಒಳಗೆ ತಳ್ಳಿ ಕೂಡಲೇ ಮುಚ್ಚಿದೆ. ಗಾಳಿತೂತುಗಳಷ್ಟನ್ನು ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿದೆ. ಬಿಸಿ ಸ್ವಲ್ಪ ಇಳಿದು ಅಲ್ಲಿಗೇ ನಿಂತಿತು. ಬಾಟಲಿಗಳಷ್ಟೇ ಅದಕ್ಕೆ ಕಾರಣವಲ್ಲ. ಮೊದಲ ದಿನಗಳಲ್ಲಿ ಹೊರಗಿನ ಬಿಸಿಯನ್ನೇ ನಂಬಿರುವ ಮೊಟ್ಟೆ ಕೊನೆಯ ದಿನಗಳಲ್ಲಿ ತಾನೇ ಸಾಕಷ್ಟು ಶಾಖವನ್ನು ಹೊರಬಿಡುತ್ತದೆ. ಇದೇ ಕರೆಂಟು ಮೊದಲ ವಾರದಲ್ಲಿ ಅಷ್ಟು ಹೊತ್ತು ಹೋಗಿದ್ದರೆ ನನ್ನ ಆತಂಕ ಇನ್ನೂ ಹೆಚ್ಚಿರುತ್ತಿತ್ತು.

ಕರೆಂಟು ಬಂದ ಮೇಲೆ, ರಾತ್ರಿಯಿಡೀ ಬಾತುಮರಿಗಳು ಒಂದೊಂದಾಗಿ ಹೊರಬಂದವು. ಕೊನೆಯದೊಂದು ಮಾತ್ರ ತೂತು ಕೊರೆದು ಹಾಗೆಯೇ ಉಳಿದಿತ್ತು. ಟಾರ್ಚು ಹಿಡಿದು ನೋಡಿದಾಗ ತೂತಿನಂಚಿನ ಪೊರೆಯಲ್ಲಿ ಎಳೆಯ ನರಗಳು ಇನ್ನೂ ಕೆಂಪಾಗಿದ್ದವು. ಆ ಸ್ಥಿತಿಯಲ್ಲಿ ಓಡು ಸುಲಿದರೆ ರಕ್ತ ಸೋರಿ ಮರಿಯನ್ನು ನಾವೇ ಕೊಂದಂತಾಗುತ್ತದೆ. ಸಹಾಯ ಮಾಡಬೇಕೆಂಬ ಆಸೆಯನ್ನು ಹತ್ತಿಕ್ಕಿಕೊಂಡು ಕುಳಿತಿರುವುದು ಇಡೀ ಕೆಲಸದಲ್ಲಿ ನನಗೆ ಅತಿ ಕಷ್ಟವೆನಿಸಿದ ಭಾಗ. ಮರುದಿನ ಬೆಳಿಗ್ಗೆ ಆ ಮರಿಯೂ ತಾನಾಗಿಯೇ ಹೊರಬಂದಿತು, ಹೊಕ್ಕುಳು ಚೆನ್ನಾಗಿ ಮುಚ್ಚಿಕೊಂಡಿತ್ತು.

ಎಲ್ಲ ಒಣಗಿದ ಮೇಲೆ ಮರಿಗಳನ್ನು ಬ್ರೂಡರಿಗೆ, ಅಂದರೆ ಎಳೆಯ ಮರಿಗಳನ್ನು ಬೆಚ್ಚಗಿಟ್ಟು ಸಾಕುವ ಪೆಟ್ಟಿಗೆಗೆ ಸಾಗಿಸಿದೆ. ಅದೂ ಮನೆಯಲ್ಲೇ ಮಾಡಿದ್ದು: ಉದ್ದನೆಯ ಮರದ ಪೆಟ್ಟಿಗೆ, ಒಂದು ತುದಿಯಲ್ಲಿ ಬಲ್ಬು, ನೆಲಕ್ಕೆ ಮರದ ಹೊಟ್ಟು. ನುಣುಪಾದ ಕಾಗದ ಹಾಸಿದರೆ ಎಳೆಯ ಕಾಲುಗಳು ಜಾರಿ ಎರಡು ಬದಿಗೆ ಚಾಚಿಕೊಳ್ಳುತ್ತವೆ. ಬಲ್ಬಿನ ಕೆಳಗೆ 35 ಡಿಗ್ರಿ ಇದ್ದರೆ ಮೊದಲ ವಾರಕ್ಕೆ ಸರಿಹೋಗುತ್ತದೆ, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ಬರಬೇಕು. ಆದರೂ ಮಾಪಕಕ್ಕಿಂತ ಮರಿಗಳೇ ನಿಜ ಹೇಳುತ್ತವೆ: ಚಳಿಯಾದರೆ ಬಲ್ಬಿನ ಕೆಳಗೆ ಗುಂಪಾಗುತ್ತವೆ, ಸೆಕೆಯಾದರೆ ದೂರದ ತುದಿಗೆ ಹೋಗಿ ಬಾಯಿ ತೆರೆದು ನಿಲ್ಲುತ್ತವೆ.

ಎರಡು ಜಾತಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಾಗ ತೊಡಕಾಗುವುದು ನೀರು. ಬಾತುಮರಿಗೆ ಮೂಗಿನ ಹೊಳ್ಳೆ ತೊಳೆದುಕೊಳ್ಳಲು ಕೊಕ್ಕು ಪೂರ್ತಿ ಮುಳುಗುವಷ್ಟು ನೀರು ಬೇಕು, ಅಷ್ಟು ಆಳದ ತೆರೆದ ಪಾತ್ರೆಯಲ್ಲಿ ಕೋಳಿಮರಿ ಬಿದ್ದು ಮುಳುಗಬಹುದು. ಪ್ಲಾಸ್ಟಿಕ್ ಡಬ್ಬಿಯ ಪಕ್ಕದಲ್ಲಿ ಬಾತಿನ ತಲೆ ಮಾತ್ರ ಹೋಗುವಂತೆ ತೂತು ಕೊರೆದು, ಅದನ್ನು ಜಾಲರಿ ಹೊದಿಸಿದ ತಟ್ಟೆಯ ಮೇಲಿಟ್ಟೆ. ಚೆಲ್ಲಿದ ನೀರು ಹೊಟ್ಟಿಗೆ ತಾಗದೆ ತಟ್ಟೆಗೆ ಇಳಿಯುತ್ತದೆ. ಕೋಳಿಮರಿಗಳಿಗೆ ಸಣ್ಣ ಕಲ್ಲುಗಳನ್ನು ತುಂಬಿದ ಆಳವಿಲ್ಲದ ತಟ್ಟೆಯನ್ನು ಬೇರೆ ಇಟ್ಟೆ. ಬಾತುಮರಿಗಳಿಗೆ ನಯಾಸಿನ್ ಎಂಬ ಬಿ ವಿಟಮಿನ್ ಹೆಚ್ಚು ಬೇಕು, ಕೊರತೆಯಾದರೆ ಕಾಲು ಸೊಟ್ಟಗಾಗುತ್ತದೆ. ಅದಕ್ಕಾಗಿ ಮರಿಗಳ ಮೇವಿಗೆ ಆ ವಿಟಮಿನ್ ಇರುವ ಬ್ರೂವರ್ಸ್ ಈಸ್ಟ್ ಬೆರೆಸಿದೆ, ಅದರಿಂದ ಕೋಳಿಮರಿಗಳಿಗೂ ತೊಂದರೆಯಿಲ್ಲ. ಬಾತುಮರಿಗಳು ಬಹಳ ಬೇಗ ಬೆಳೆದು ಜೊತೆಗಾರರನ್ನು ತುಳಿಯುವಷ್ಟು ದೊಡ್ಡವಾದಾಗ, ಕಾವಿನ ಪೆಟ್ಟಿಗೆಯ ಆ ಅಡ್ಡಗೋಡೆಯ ಮಾದರಿಯಲ್ಲೇ, ಇನ್ನೂ ಎತ್ತರದ ಜಾಲರಿಯೊಂದನ್ನು ಬ್ರೂಡರಿಗೂ ಹಾಕಿದೆ.