ಗಿಟಾರ್ ಇಲ್ಲದ ಗದ್ದಲ

'ಯೂ ಆರ್ ಎ ವುಮನ್, ಐಯಾಮ್ ಎ ಮಷೀನ್' ಅನ್ನುವ ಆಲ್ಬಮ್ಮಿನಲ್ಲಿ ಗಿಟಾರ್ ಇಲ್ಲ ಅಂತ ಯಾರಾದರೂ ಹೇಳುವವರೆಗೆ ಗೊತ್ತೇ ಆಗುವುದಿಲ್ಲ. ನನಗಂತೂ ಆಗಿರಲಿಲ್ಲ. ಅದನ್ನು ಮಾಡಿದ ಡೆತ್ ಫ್ರಮ್ ಅಬವ್ 1979 ಕೆನಡಾದ ಟೊರಾಂಟೊದ ಇಬ್ಬರ ಬ್ಯಾಂಡ್. ಜೆಸ್ಸಿ ಕೀಲರ್ ಬೇಸ್ (ತಗ್ಗು ಸ್ವರದ ದಪ್ಪ ತಂತಿವಾದ್ಯ) ಮತ್ತು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ನುಡಿಸುತ್ತಾನೆ. ಸೆಬಾಸ್ಟಿಯನ್ ಗ್ರೇಂಜರ್ ಡ್ರಮ್ಸ್ ಬಾರಿಸುತ್ತಲೇ ಹಾಡುತ್ತಾನೆ. ಅಷ್ಟೇ ಜನ. ಹೆಸರಿನ ಕೊನೆಯ 1979 ಗ್ರೇಂಜರ್ ಹುಟ್ಟಿದ ವರ್ಷ. ನ್ಯೂಯಾರ್ಕಿನ ಡಿಎಫ್‌ಎ ರೆಕಾರ್ಡ್ಸ್ ಅನ್ನುವ ಸಂಗೀತ ಕಂಪನಿ ಜೊತೆ ಹೆಸರಿನ ತಕರಾರು ಬಂದಾಗ ಅಂಟಿಸಿಕೊಂಡದ್ದು. ಈ ಆಲ್ಬಮ್ ಅವರ ಮೊದಲನೆಯದು, 2004ರಲ್ಲಿ ಬಂದದ್ದು. 11 ಹಾಡು, ಸುಮಾರು 35 ನಿಮಿಷ. ಪಂಕ್‌ನ ಅರಚಾಟ, ಡಿಸ್ಕೋದ ಕುಣಿತ, ಎರಡೂ ಒಟ್ಟಿಗೆ.

ಟೊರಾಂಟೊಗೆ ಕೆಲಸಕ್ಕೆ ಬಂದ ಮೇಲೆ ನಮಗೂ ಹುಚ್ಚು ಹತ್ತಿತು. ನನ್ನದು ಬೇಸ್. ಗೆಳೆಯ ದಾವಣಗೆರೆಯವನು, ಇಂಜಿನಿಯರಿಂಗ್ ಓದುವಾಗ ಕಾಲೇಜು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಇಬ್ಬರೇ ಸೇರಿ ನಮ್ಮದೇ ಒಂದು ಕನ್ನಡ ಹಾಡು ರೆಕಾರ್ಡ್ ಮಾಡೋಣ ಅಂತ ಜನವರಿಯ ಒಂದು ಭಾನುವಾರ ಗೇರಿ ಅವೆನ್ಯೂದಲ್ಲಿ ಗಂಟೆ ಲೆಕ್ಕಕ್ಕೆ ರೂಮು ಹಿಡಿದೆವು. ರೈಲು ಹಳಿ ಪಕ್ಕದ ರಸ್ತೆ, ಅಕ್ಕಪಕ್ಕ ಗ್ಯಾರೇಜು. ಎಷ್ಟು ಗಲಾಟೆ ಮಾಡಿದರೂ ಕೇಳೋರಿಲ್ಲ.

ಬೇಸನ್ನು ಡಿಸ್ಟಾರ್ಷನ್ ಪೆಡಲ್‌ಗೆ (ಕಾಲಲ್ಲಿ ಒತ್ತಿದರೆ ಸದ್ದನ್ನು ಒರಟು ಮಾಡುವ ಪೆಟ್ಟಿಗೆ) ಹಾಕಿದರೆ ಆಯ್ತು, ಗಿಟಾರಿನಷ್ಟು ದೊಡ್ಡ ಸದ್ದು ಬರುತ್ತದೆ ಅಂತ ಕಾಣುತ್ತದೆ, ಅಲ್ವಾ? ಬರುವುದು ದುಂಬಿಯ ಗುಂಯ್‌ಗುಡುವಿಕೆ. ಪೆಡಲ್ ಒತ್ತಿದ ಕೂಡಲೇ ಮೇಲಿನ ಸ್ವರಗಳು ಕಿರುಚುತ್ತವೆ, ತಳದ ದಪ್ಪ ಸದ್ದು ಮಾಯ. ಇದಕ್ಕೆ ಬೇಸ್ ನುಡಿಸುವವರು ಬಹಳ ದಿನದಿಂದ ಮಾಡುವ ಉಪಾಯ ಒಂದಿದೆ. ಸಿಗ್ನಲ್ಲನ್ನು ಎರಡಾಗಿ ಒಡೆಯುವುದು. ಒಂದು ದಾರಿ ಪೆಡಲ್ ಇಲ್ಲದೆ ಸೀದಾ ಬೇಸ್ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ), ಇನ್ನೊಂದು ಡಿಸ್ಟಾರ್ಷನ್ ಮೂಲಕ ಗಿಟಾರ್ ಆಂಪ್‌ಗೆ. ಹಾಗೆ ಮಾಡಿದ ಮೇಲೆ ನೆಲ ನಡುಗಿತು. ಗೆಳೆಯ ಕೋಲು ಕೆಳಗಿಟ್ಟು, "ಈಗ ಬಂತು ನೋಡು ಮಗಾ" ಅಂದ.

ಆದರೂ ಕುಣಿಯಬೇಕು ಅನ್ನಿಸುತ್ತಿರಲಿಲ್ಲ. ನಾನು ಎಲ್ಲ ಕಡೆ ತುಂಬಿ ತುಂಬಿ ನುಡಿಸುತ್ತಿದ್ದೆ. ಗಿಟಾರಿಲ್ಲವಲ್ಲ, ಆ ಖಾಲಿ ಜಾಗ ಹೆದರಿಸುತ್ತದೆ. ಫೋನಿನಲ್ಲಿ ಆ ಆಲ್ಬಮ್ ಮತ್ತೆ ಹಾಕಿ ಕೇಳಿದೆವು. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್, ಅಂದರೆ ಕಿಕ್, ಪ್ರತಿ ಬೀಟಿಗೂ ಬೀಳುತ್ತದೆ, ನಡುವೆ ಹೈ-ಹ್ಯಾಟ್ ಅನ್ನುವ ಜೋಡಿ ತಾಳ ಬಾಯಿ ತೆರೆದು ಚ್ಸ್ ಅನ್ನುತ್ತದೆ. ಡಿಸ್ಕೋ ಅಂದರೆ ಅದೇ ತಾನೇ. ಆ ಹೊತ್ತಿಗೆ ಬೇಸ್ ಎಷ್ಟೋ ಕಡೆ ಗಪ್‌ಚುಪ್. ಸದ್ದು ದೊಡ್ಡದು, ಸ್ವರ ಕಮ್ಮಿ. ನಮ್ಮ ಹಾಡಿನ ಅರ್ಧ ಸ್ವರ ಕಿತ್ತು ಹಾಕಿದೆ. ಆಗ ಗೆಳೆಯನ ಭುಜ ತಾನಾಗಿಯೇ ಅಲುಗಾಡತೊಡಗಿತು. ಆ ಆಲ್ಬಮ್ ಪ್ರೊಡ್ಯೂಸ್ ಮಾಡಿದ ಅಲ್-ಪಿ ಮುಂದೆ ಕೀಲರ್ ಜೊತೆ ಸೇರಿ ಮಾಸ್ಟರ್‌ಕ್ರಾಫ್ಟ್ ಅನ್ನುವ ಎಲೆಕ್ಟ್ರಾನಿಕ್ ಡಾನ್ಸ್ ಜೋಡಿ ಕಟ್ಟಿದ. ಕುಣಿಸುವ ಬುದ್ಧಿ ಮೊದಲೇ ಒಳಗಿತ್ತು ಅನ್ನೋದು ನನ್ನ ಲೆಕ್ಕ.

ಆಮೇಲೆ ಜಗಳ ಶುರುವಾಗಿದ್ದು ಕ್ಲಿಕ್, ಅಂದರೆ ಹೆಡ್‌ಫೋನಿನಲ್ಲಿ ಲಯ ತೋರಿಸುವ ಸದ್ದಿನ ಬಗ್ಗೆ. ಕಿವಿಯಲ್ಲಿ ಟಿಕ್ ಟಿಕ್ ಇರಲಿ, ಲಯ ತಪ್ಪಲ್ಲ ಅಂತ ಅವನು. ಬೇಡ ಅಂತ ನಾನು. ಹಾಕಿ ನುಡಿಸಿದೆವು: ನೀಟಾಗಿತ್ತು, ಆದರೆ ಜೀವ ಇರಲಿಲ್ಲ. ತೆಗೆದು ನುಡಿಸಿದೆವು: ಪಲ್ಲವಿ ಬಂದಾಗಲೆಲ್ಲ ಇಬ್ಬರೂ ವೇಗ ಏರಿಸಿ ಓಡುತ್ತಿದ್ದೆವು. ಅವನ ಕಾಲು ಗಟ್ಟಿಯಾಗಿ ನಿಂತು, ನನ್ನ ಬೆರಳು ಮಾತ್ರ ಒಂಚೂರು ಮುಂದೆ ನೂಕಿದ ಒಂದು ಟೇಕ್ ಕೊನೆಗೆ ಸಿಕ್ಕಿತು. ಕೊನೆಯ ಭಾಗದಲ್ಲಿ ವೇಗ ಏರಿದ್ದು ಗೊತ್ತಾಗುತ್ತದೆ. ಇರಲಿ ಅಂತ ಇಟ್ಟುಕೊಂಡೆವು.

ಹಾಡುವುದು ಬೇರೆಯೇ ಕಥೆ. ಡ್ರಮ್ಸ್ ಬಾರಿಸುತ್ತಾ ಹಾಡುವುದು ಸುಮ್ನೆ ಅಲ್ಲ. "ಬಾಯಿ ಒಂದು ಕಡೆ, ಕಾಲು ಒಂದು ಕಡೆ ಹೋಗ್ತಿದೆ ಕಣೋ" ಅಂತ ಅವನು ಒದ್ದಾಡಿದ. ರೋಲ್ (ಡ್ರಮ್ಸನ್ನು ಬಿಡದೆ ಬಾರಿಸುವ ಜಾಗ) ಬಂದಲ್ಲಿ ಸಾಲು ನುಂಗುತ್ತಿದ್ದ. ಉದ್ದನೆ ಸಾಲುಗಳನ್ನು ಮುರಿದು ಚಿಕ್ಕದು ಮಾಡಿದೆವು, ಒಂದು ಚರಣವನ್ನೇ ಎತ್ತಿ ಬಿಸಾಡಿದೆವು. ಆ ಚರಣ ಬರೆದಿದ್ದು ನಾನೇ, ಚೂರು ಬೇಜಾರಾಯಿತು. ಎಷ್ಟು ಮಾಡಿದರೂ ದನಿ ಮಾತ್ರ ಅವತ್ತು ರೆಕಾರ್ಡ್ ಆಗಲಿಲ್ಲ. ಅಷ್ಟೊತ್ತಿಗೆ ಅವನ ಗಂಟಲು ಕಟ್ಟಿತ್ತು. ಸೋಮವಾರ ಆಫೀಸಿನ ಮೀಟಿಂಗಿನಲ್ಲಿ ಕೇಳಿದ್ದಕ್ಕೆಲ್ಲ ಚಾಟ್‌ನಲ್ಲಿ ಟೈಪ್ ಮಾಡಿಯೇ ಉತ್ತರ ಕೊಟ್ಟನಂತೆ.