ನಾನು ತೆಗೆಸಿದ ಶಿಮ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ಥರ್ಮಿಕ್ ಫ್ಲೂಯಿಡ್ ಪಂಪಿನ, ಅಂದರೆ ಕಾವು ಸಾಗಿಸುವ ಬಿಸಿ ಎಣ್ಣೆಯನ್ನು ಹರಿಸುವ ಪಂಪಿನ, ಸೋರಿಕೆ ತಡೆಯುವ ಮೆಕ್ಯಾನಿಕಲ್ ಸೀಲ್ ಬದಲಾಯಿಸಿ ಮತ್ತೆ ಅಲೈನ್‌ಮೆಂಟ್ ಮಾಡುವ, ಅಂದರೆ ಮೋಟರ್ ಮತ್ತು ಪಂಪಿನ ಶಾಫ್ಟ್‌ಗಳನ್ನು ಒಂದೇ ಗೆರೆಗೆ ತರುವ ಕೆಲಸವನ್ನು ಕಳೆದ ಡಿಸೆಂಬರಿನಲ್ಲಿ ನನಗೆ ಒಪ್ಪಿಸಿದ್ದರು. 30 ಕಿಲೋವ್ಯಾಟ್ ಮೋಟರ್, 2920 ಆರ್‌ಪಿಎಂ, ಎರಡೂ ಶಾಫ್ಟ್‌ಗಳನ್ನು ರಬ್ಬರ್ ಬುಷ್‌ಗಳ ಮೂಲಕ ಜೋಡಿಸುವ ಪಿನ್ ಬುಷ್ ಕಪ್ಲಿಂಗ್. ಓಡುವಾಗ ಎಣ್ಣೆಯ ಉಷ್ಣತೆ 220 ಡಿಗ್ರಿ. ಬೆಳಿಗ್ಗೆ ಲೇಸರ್ ಕಟ್ಟಿ ನೋಡಿದರೆ ಮೋಟರ್ ಪಂಪಿಗಿಂತ 0.15 ಮಿ.ಮೀ. ಮೇಲಿತ್ತು. ಅದರ ನಾಲ್ಕೂ ಕಾಲುಗಳ ಕೆಳಗೆ ಒಂದೇ ದಪ್ಪದ ಹಿತ್ತಾಳೆಯ ಶಿಮ್ (ಎತ್ತರ ಸರಿಪಡಿಸಲು ಇಡುವ ತೆಳು ತಗಡು) ಇತ್ತು, ಅಂಚುಗಳನ್ನು ನೀಟಾಗಿ ಮಡಿಸಿ ಕತ್ತರಿಸಿದ್ದರು.

"ಸಾರ್, ಹಿಂದಿನವರು ಇದನ್ನ ಬೇಕಂತಲೇ ಇಟ್ಟಿರೋ ಹಾಗಿದೆ, ತೆಗೀಬೇಕಾ?" ಎಂದು ನಮ್ಮ ಹಿರಿಯ ಫಿಟ್ಟರ್ ಕೇಳಿದರು. ತೆಗೆಯಿರಿ ಎಂದೆ. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಎಲ್ಲ ಅಂಕಿಗಳೂ 0.02ರ ಒಳಗೆ ಬಂದು ಹಸಿರಾದವು. ಅದೇ ಲೇಸರ್ ಯಂತ್ರದಲ್ಲಿ ಥರ್ಮಲ್ ಗ್ರೋತ್, ಅಂದರೆ ಬಿಸಿಯಾದಾಗ ಲೋಹ ಎಷ್ಟು ಬೆಳೆಯುತ್ತದೆ ಎಂಬುದನ್ನು ತುಂಬುವ ಜಾಗವಿದೆ. ಅದನ್ನು ನಾನು ಸೊನ್ನೆಯಲ್ಲೇ ಬಿಟ್ಟಿದ್ದೆ. ಎಣ್ಣೆ ಇನ್ನೂ ತಣ್ಣಗಿದ್ದಾಗ ಟ್ರಯಲ್ ಕೊಟ್ಟೆವು, ಕಂಪನ ಸೆಕೆಂಡಿಗೆ 2.1 ಮಿ.ಮೀ. ಬಂತು, ವರದಿಗೆ ಸಹಿ ಹಾಕಿದೆ.

ಸಂಜೆ ನಾಲ್ಕೂವರೆಗೆ ಫೋನ್ ಬಂತು. ಕಪ್ಲಿಂಗ್ ಬದಿಯ ಡ್ರೈವ್ ಎಂಡ್ ಬೇರಿಂಗಿನಲ್ಲಿ ಕಂಪನ 7.8, ಆಕ್ಸಿಯಲ್ (ಶಾಫ್ಟಿನ ಉದ್ದದ) ದಿಕ್ಕಿನಲ್ಲಿ ಅದಕ್ಕಿಂತಲೂ ಹೆಚ್ಚು. ಕಂಪನವನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ ತೆಗೆದಾಗ 100 ಹರ್ಟ್ಸ್ ಹತ್ತಿರ ದೊಡ್ಡ ಪೀಕ್ ಕಂಡಿತು, ಕಂಡ ಕ್ಷಣವೇ ಮೋಟರಿನ ವಿದ್ಯುತ್ ದೋಷವೆಂದು ತೀರ್ಮಾನಿಸಿದೆ. ನಾನು ಇಟ್ಟಿದ್ದದ್ದು 1000 ಹರ್ಟ್ಸಿಗೆ 400 ಲೈನ್. ಅಂದರೆ ಎರಡೂವರೆ ಹರ್ಟ್ಸಿಗೊಂದು ಗೆರೆ. ಅಲೈನ್‌ಮೆಂಟ್ ತಪ್ಪಿದಾಗ ಕಾಣುವ, ಶಾಫ್ಟ್ ವೇಗದ ಎರಡರಷ್ಟಾದ 97.3ನ್ನೂ ವಿದ್ಯುತ್ ದೋಷವಿದ್ದಾಗ ಕಾಣುವ, 50 ಹರ್ಟ್ಸ್ ವಿದ್ಯುತ್ ಪೂರೈಕೆಯ ಎರಡರಷ್ಟಾದ 100ನ್ನೂ ಬೇರ್ಪಡಿಸುವ ಶಕ್ತಿ ಆ ಸೆಟ್ಟಿಂಗಿಗೆ ಇರಲಿಲ್ಲ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ. ಮೋಟರ್ ಕಳಚಿ ರೀವೈಂಡಿಂಗಿಗೆ ಕಳಿಸಬೇಕೆಂದು ಪ್ಲಾಂಟ್ ಇನ್‌ಚಾರ್ಜ್‌ಗೆ ಹೇಳಿಯೂಬಿಟ್ಟೆ.

ಮೋಟರ್ ಬಿಚ್ಚಬೇಕಾದರೆ ಮೊದಲು ಸ್ಟ್ಯಾಂಡ್‌ಬೈ ಪಂಪಿಗೆ ಬದಲಾಯಿಸಬೇಕು. ಬಿಸಿ ಎಣ್ಣೆಯ ಹರಿವು ನಿಂತರೆ ಹೀಟರಿನ ಕಾಯಿಲ್ ಕೊಳವೆಯೊಳಗೆ ಉಳಿದ ಎಣ್ಣೆ ಒಡೆದು ಕೋಕ್ (ಗಟ್ಟಿ ಇಂಗಾಲ) ಕಟ್ಟುತ್ತದೆ. ಬರ್ನರ್ ಆರಿದ ಮೇಲೂ ಕುಲುಮೆಯ ಗೋಡೆಗಳಲ್ಲಿ ಕಾವು ಇದ್ದೇ ಇರುತ್ತದೆ. ಬರ್ನರ್ ನಿಲ್ಲಿಸಿ ಸ್ಟ್ಯಾಂಡ್‌ಬೈ ಚಾಲೂ ಮಾಡಿ ಆಪರೇಟರ್ ವಾಲ್ವ್ ತಿರುಗಿಸುತ್ತಿದ್ದಾಗ ಹರಿವನ್ನು ಒತ್ತಡದ ವ್ಯತ್ಯಾಸದಿಂದ ತೋರಿಸುವ ಡಿಪಿ ಗೇಜಿನ ಮುಳ್ಳು ಒಮ್ಮೆಲೇ ಕೆಳಗೆ ಬಂತು. ಯಾರೂ ಮಾತಾಡಲಿಲ್ಲ. ವಾಲ್ವಿನ ಚಕ್ರ ಬಿಗಿಯಾಗಿತ್ತು, ಅವನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದ, ನಾನು ಆ ಮುಳ್ಳನ್ನೇ ನೋಡುತ್ತ ನಿಂತಿದ್ದೆ. ಅದು ಅಲುಗಿ, ನಿಧಾನವಾಗಿ ಹಸಿರು ಗೆರೆಯ ಮೇಲೆ ಬಂದಾಗ ಮಾತ್ರ ಉಸಿರು ಬಿಟ್ಟೆ.

ನಮ್ಮ ಪಂಪಿನ ಮೋಟರನ್ನು ಆಫ್ ಮಾಡುವಾಗ ವೈಬ್ರೇಶನ್ ಪೆನ್ ಅದರ ಮೇಲೆಯೇ ಇತ್ತು. ದೋಷ ವಿದ್ಯುತ್ತಿನದಾಗಿದ್ದರೆ ಸ್ವಿಚ್ ಒತ್ತಿದ ಕ್ಷಣವೇ ಅದು ಮಾಯವಾಗಬೇಕಿತ್ತು. ಆದರೆ ರೀಡಿಂಗ್ ಶಾಫ್ಟಿನ ವೇಗದ ಜೊತೆಯಲ್ಲೇ ಮೆಲ್ಲಗೆ ಇಳಿಯಿತು. ಫಿಟ್ಟರ್ ಗಾರ್ಡ್ ಬಿಚ್ಚಿದರು. ಕಪ್ಲಿಂಗಿನ ಕೆಳಗೆ ಬೇಸ್ ಪ್ಲೇಟಿನ ಮೇಲೆ ರಬ್ಬರ್ ಬುಷ್‌ಗಳ ಕಪ್ಪು ಪುಡಿ ಬಿದ್ದಿತ್ತು, ಬೆರಳಿಟ್ಟರೆ ಇನ್ನೂ ಬೆಚ್ಚಗಿತ್ತು.

ಪಂಪಿನ ಕಾಲನ್ನು ಇನ್ಫ್ರಾರೆಡ್ ಗನ್ನಿನಿಂದ ನೋಡಿದೆ: 118 ಡಿಗ್ರಿ. ಬೆಳಿಗ್ಗೆ 24 ಇತ್ತು. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 0.012 ಮಿ.ಮೀ. ಬೆಳೆಯುತ್ತದೆ, 200 ಮಿ.ಮೀ. ಎತ್ತರಕ್ಕೆ ಪಂಪ್ 0.22 ಏರಿದೆ, 30 ಡಿಗ್ರಿ ಮಾತ್ರ ಬಿಸಿಯಾದ ಮೋಟರ್ 0.07. ವ್ಯತ್ಯಾಸ 0.15. ಬೆಳಿಗ್ಗೆ ನಾನು ತೆಗೆಸಿದ ಶಿಮ್ಮಿನ ದಪ್ಪವೂ ಅಷ್ಟೇ. ಯಾರೋ ಒಬ್ಬರು ವರ್ಷಗಳ ಹಿಂದೆ ಈ ಲೆಕ್ಕ ಮಾಡಿ, ಕತ್ತರಿಸಿ, ಮಡಿಸಿ ಇಟ್ಟಿದ್ದರು.

ಮರುದಿನ ಪಂಪ್ ತಣಿದ ಮೇಲೆ ಅದೇ ಶಿಮ್‌ಗಳನ್ನು ಫಿಟ್ಟರ್ ತಮ್ಮ ಡಬ್ಬಿಯಿಂದ ತೆಗೆದುಕೊಟ್ಟರು, ಅವರು ಎಸೆದಿರಲಿಲ್ಲ. ಹೊಸ ಬುಷ್ ಹಾಕಿ ಓಡಿಸಿದೆವು. ಸಂಜೆ, ಎಣ್ಣೆ 220ರಲ್ಲಿ ಇದ್ದಾಗ, 2.3.

ಆಡಳಿತದವರ ಅಲೈನ್‌ಮೆಂಟ್ ಫಾರ್ಮಿನಲ್ಲಿ ಸರಿ, ತಪ್ಪು ಎಂಬ ಎರಡೇ ಚೌಕಗಳಿವೆ. ಕೋಲ್ಡ್ ಆಫ್‌ಸೆಟ್, ಅಂದರೆ ತಣ್ಣಗಿದ್ದಾಗ ಬೇಕೆಂದೇ ಬಿಡುವ ಎತ್ತರದ ವ್ಯತ್ಯಾಸ, ಬರೆಯಲು ಒಂದು ಸಾಲು ಸೇರಿಸಿರೆಂದು ಮೂರು ಬಾರಿ ಪತ್ರ ಕೊಟ್ಟಿದ್ದೇನೆ, ಉತ್ತರವಿಲ್ಲ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ಸಂಗತಿ, ಏಕೆಂದರೆ ಆ ಒಂದು ಸಾಲು ಇದ್ದಿದ್ದರೆ ಬೆಳಿಗ್ಗೆಯೇ ನನ್ನ ಕೈ ತಡೆಯುತ್ತಿತ್ತು. ಸದ್ಯಕ್ಕೆ ಬೇಸ್ ಪ್ಲೇಟಿನ ಮೇಲೆ ಹಳದಿ ಬಣ್ಣದಲ್ಲಿ "ಮೋಟರ್ +0.15, ತಣ್ಣಗಿದ್ದಾಗ" ಎಂದು ಫಿಟ್ಟರ್ ಕೈಯಲ್ಲಿ ಬರೆಸಿದ್ದೇನೆ.